ಸೂಜಿ ಪಕ್ಕದ ಗೆರೆ

“ಓದು ಬರದ ಹೆಂಗಸರ ಕೈಲಿ ಫೀಲ್ಡ್ ಟೆಸ್ಟ್ ಯಾವತ್ತೂ ಸರಿಯಾಗಿ ಆಗಲ್ಲಮ್ಮ. ಸುಮ್ನೆ ಮೆಷಿನ್ ಸವೆಸಬೇಡ” ಎಂದು ನನಗೆ ಹೇಳಿದವರು ನಮ್ಮ ಆಸ್ಪತ್ರೆಯ ಹಿರಿಯ ಟೆಕ್ನಿಷಿಯನ್. ರಾಬರ್ಟ್‌ಸನ್‌ಪೇಟೆಯ ಆ ಸಣ್ಣ ಕಣ್ಣಿನ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ಮಾತು ಬಂತು. ಅವರದು ಕೆಟ್ಟ ಮನಸ್ಸಲ್ಲ. ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂತು ಬೇಸತ್ತವರ ಮಾತು. ಆದರೂ ನನಗೆ ಚುಚ್ಚಿತು. ನಮ್ಮಮ್ಮ ಹೆಬ್ಬೆಟ್ಟು ಒತ್ತುವವಳು. ಬಂಗಾರಪೇಟೆ ಸುತ್ತಿನ ತೋಟಗಳಲ್ಲಿ ಟೊಮೇಟೊ ಕಿತ್ತು ನನ್ನನ್ನು ಕಣ್ಣಿನ ಪರೀಕ್ಷೆ ಕಲಿಸುವ ಆಪ್ಟೊಮೆಟ್ರಿ ಓದಿಸಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮುಗಿಸಿದ್ದು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಿರಿಯರ ಆ ಮಾತು ನೆನಪಾದಾಗೆಲ್ಲ ಅವರು ನಮ್ಮಮ್ಮನನ್ನೇ ಅಂದ ಹಾಗೆ ಆಗುತ್ತಿತ್ತು.

ಫೀಲ್ಡ್ ಟೆಸ್ಟ್ ಎಂದರೆ ನೋಟದ ಹರವನ್ನು ಅಳೆಯುವ ಪರೀಕ್ಷೆ. ದೊಡ್ಡ ಬಿಳಿ ಬೋಗುಣಿಯಂಥ ಮೆಷಿನ್ನಿನೊಳಗೆ ಗಲ್ಲ ಊರಿ ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣು ನಡುವಿನ ಹಳದಿ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಒಂದು ಸಾಸಿವೆ ಕಾಳಿನಷ್ಟು ಬೆಳಕು ಮಿಂಚುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಹೇಳಲು ಇಷ್ಟೇ. ಆದರೆ ಈ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಾದದ್ದು ಅಕ್ಕನಿಂದ.

ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ವಯಸ್ಸು ನಲವತ್ತರ ಆಸುಪಾಸು. ಬಂಗಾರಪೇಟೆಯ ಆಚೆ ಒಂದು ಹಳ್ಳಿ. ಆಂಡರ್ಸನ್‌ಪೇಟೆಯ ಕಡೆಗಿದ್ದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಎಂಟು ವರ್ಷದಿಂದ ಸಂಧಿವಾತ. ವಯಸ್ಸಾದವರ ಮಂಡಿನೋವಿನಂಥದ್ದಲ್ಲ, ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನಮ್ಮ ಕೀಲುಗಳನ್ನು ಕಡಿಯುವ ಕಾಯಿಲೆ. ಬೆರಳ ಗೆಣ್ಣುಗಳು ಊದಿ, ಎರಡೂ ಹೆಬ್ಬೆರಳು ಸೊಟ್ಟಗಾಗಿದ್ದವು. ಹೊಸ ಸೂಪರ್‌ವೈಸರ್ ಅವರ ಹೊಲಿಗೆ ಪದೇ ಪದೇ ಗೆರೆ ತಪ್ಪುವುದನ್ನು ಕಂಡು, ಕಣ್ಣು ಸರಿಯಿದೆ ಎಂದು ಸರ್ಟಿಫಿಕೇಟ್ ತಂದರೆ ಮಾತ್ರ ಮೆಷಿನ್ ಮುಂದೆ ಕೂರಿಸುತ್ತೇನೆ ಎಂದಿದ್ದರು. ಜೊತೆಗೆ ಅವರ ಅತ್ತೆ ಬಂದಿದ್ದರು.

“ಕಣ್ಣಿಗೇನಕ್ಕ?” ಎಂದೆ.

“ಏನೂ ಇಲ್ಲ ಮೇಡಂ. ಗಣಿ ಮಣ್ಣಿನ ಸೈನೈಡ್ ದಿಬ್ಬದ ಧೂಳು. ಮಣ್ಣು ಬಿದ್ದಂಗೆ ಆಯ್ತದೆ, ಅಷ್ಟೇ. ಒಂದ್ ಸರ್ಟಿಫಿಕೇಟ್ ಬರ್ದ್ ಕೊಟ್ರೆ ಓಯ್ತೀವಿ.”

“ನಂಗೆ ಎಪ್ಪತ್ತು ದಾಟ್ತು ಕಣಮ್ಮ” ಎಂದು ಅತ್ತೆ ಮಧ್ಯೆ ಬಾಯಿ ಹಾಕಿದರು. “ಈಗ್ಲೂ ಸೂಜಿಗೆ ದಾರ ನಾನೇ ಪೋಣಿಸ್ತೀನಿ. ಇವ್ಳಿಗೆ ಏನ್ ಬಂದೈತೆ ಕೇಳು. ಆಸ್ಪತ್ರೆ ಅಂದ್ರೆ ಇವ್ಳಿಗೆ ತವರುಮನೆ ಇದ್ದಂಗೆ.”

ಅಕ್ಕ ಕೈಯಲ್ಲಿದ್ದ ಚೀಟಿಯನ್ನು ನನಗೆ ಕೊಟ್ಟರು. ಕೋಲಾರದ ಕೀಲಿನ ಡಾಕ್ಟರು ಎಂಟು ವರ್ಷದ ಹಿಂದೆ ಬರೆದ ಚೀಟಿ. ಮಡಿಚಿ ಮಡಿಚಿ ನಾಲ್ಕು ತುಂಡಾಗಿ, ಹಿಂದೆ ಟೇಪು ಅಂಟಿಸಿತ್ತು. ಹೈಡ್ರಾಕ್ಸಿಕ್ಲೋರೋಕ್ವಿನ್, ದಿನಕ್ಕೆ ಎರಡು ಮಾತ್ರೆ. ಕೆಳಗೆ, ಆರು ತಿಂಗಳಿಗೊಮ್ಮೆ ಬರುವುದು, ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು ಎಂದಿತ್ತು. ನೋವು ಕಡಿಮೆಯಾದ ಮೇಲೆ ಅಕ್ಕ ಕೋಲಾರಕ್ಕೆ ಹೋಗುವುದನ್ನು ಬಿಟ್ಟಿದ್ದರು. ಮಾತ್ರೆ ಮಾತ್ರ ಬಿಟ್ಟಿರಲಿಲ್ಲ. ಅದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತಿಂಗಳು ತಿಂಗಳೂ ಕೊಳ್ಳುತ್ತಿದ್ದರು.

ಈ ಮಾತ್ರೆ ಒಳ್ಳೆಯ ಮಾತ್ರೆ. ಎಷ್ಟೋ ಜನರ ಕೈಕಾಲನ್ನು ಉಳಿಸಿದೆ. ಆದರೆ ವರ್ಷಗಟ್ಟಲೆ, ಮೈತೂಕಕ್ಕೆ ತಕ್ಕದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ಕಣ್ಣಿನ ಹಿಂಪರದೆಯ ನಡುಭಾಗವನ್ನು ನಿಧಾನವಾಗಿ ತಿನ್ನುತ್ತದೆ. ನೋವಿಲ್ಲ, ಕೆಂಪಿಲ್ಲ. ಹೋದದ್ದು ಮರಳಿ ಬರುವುದಿಲ್ಲ. ಬೇಗ ಹಿಡಿದರೆ ಉಳಿದದ್ದನ್ನು ಉಳಿಸಬಹುದು. ಹಿಡಿಯುವ ದಾರಿಗಳಲ್ಲಿ ಫೀಲ್ಡ್ ಟೆಸ್ಟ್ ಒಂದು.

ಮೊದಲು ಚಾರ್ಟ್ ಓದಿಸಿದೆ. ಓದು ಬರದವರಿಗೆಂದು ಇಂಗ್ಲಿಷಿನ ‘ಇ’ ಅಕ್ಷರದಂಥ ಮೂರು ಕಾಲಿನ ಗುರುತಿನ ಚಾರ್ಟ್ ಇರುತ್ತದೆ. ಕಾಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು. ಅಕ್ಕ ಕೊನೆಯ ಸಾಲಿನವರೆಗೂ ಪಟಪಟನೆ ತೋರಿಸಿದರು. ಆಮೇಲೆ ಕಣ್ಣೀರಿನ ಪರೀಕ್ಷೆ. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರೆ ಒದ್ದೆ ಹತ್ತು ಮಿಲಿಮೀಟರಾದರೂ ದಾಟಬೇಕು. ಅಕ್ಕನದು ಮೂರಕ್ಕೆ ನಿಂತಿತ್ತು. ಕೀಲು ಕಡಿಯುವ ಕಾಯಿಲೆಯೇ ಕಣ್ಣೀರಿನ ಗ್ರಂಥಿಯನ್ನೂ ಒಣಗಿಸುತ್ತದೆ. ಮಣ್ಣು ಬಿದ್ದಂಗೆ ಆಗುತ್ತಿದ್ದದ್ದು ದಿಬ್ಬದ ಧೂಳಿನಿಂದಲ್ಲ. ಚಿನ್ನದ ಗಣಿಯ ತ್ಯಾಜ್ಯದ ಮಣ್ಣು ಗುಡ್ಡೆಗಟ್ಟಿರುವ ನಮ್ಮೂರಲ್ಲಿ ಕಣ್ಣು ಉರಿದರೆ ಎಲ್ಲರೂ ಆ ದಿಬ್ಬದ ಮೇಲೇ ತಪ್ಪು ಹಾಕುತ್ತಾರೆ.

ಕಣ್ಣಿಗೆ ತೇವದ ಹನಿ ಹಾಕಿ ಫೀಲ್ಡ್ ಟೆಸ್ಟಿಗೆ ಕೂರಿಸಿದೆ. ನೋಟದ ನಡುವಿನ ಹತ್ತು ಡಿಗ್ರಿಯನ್ನಷ್ಟೇ ಸೋಸಿ ನೋಡುವ ಪ್ರೋಗ್ರಾಂ ಹಾಕಿದೆ. ಅಕ್ಕ ತಡವರಿಸದೆ ಒತ್ತುತ್ತಾ ಹೋದರು. ಟಕ್, ಟಕ್, ಟಕ್. ಕತ್ತಲೆಯಲ್ಲಿ ಆ ಶಬ್ದ ಕೇಳುತ್ತಾ ನಾನು ಒಳಗೇ ಹಿಗ್ಗಿದೆ. ರಿಪೋರ್ಟಿನ ಹಾಳೆ ಹೊರಬಂತು. ಎರಡು ಕಣ್ಣೂ ಹೆಚ್ಚುಕಡಿಮೆ ಚೊಕ್ಕ. ಮೂಲೆಯಲ್ಲಿ ಮಾತ್ರ ಒಂದು ಎಚ್ಚರಿಕೆಯ ಗುರುತು ಬಿದ್ದಿತ್ತು. ಮೆಷಿನ್ ಮಧ್ಯೆ ಮಧ್ಯೆ ಬೆಳಕು ತೋರಿಸದೆ ಸುಮ್ಮನಿರುತ್ತದೆ. ಆಗಲೂ ಒತ್ತಿದರೆ ಅದನ್ನು ಸುಳ್ಳು ಒತ್ತು ಎಂದು ಎಣಿಸಿ ಗುರುತು ಹಾಕುತ್ತದೆ. ನಾನು ಆ ಗುರುತನ್ನು ನೋಡಿದೆ. ಸೊಟ್ಟ ಹೆಬ್ಬೆರಳು, ನೋವಿಗೆ ಎರಡೆರಡು ಸಲ ಒತ್ತಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಹಾಳೆ ಚೊಕ್ಕವಾಗಿರುವುದು ಬೇಕಾಗಿತ್ತು. ಅದನ್ನು ಒಯ್ದು ಹಿರಿಯ ಟೆಕ್ನಿಷಿಯನ್ ಮುಂದೆ ಹಿಡಿದೆ.

“ನೋಡಿ ಸರ್. ಸ್ಕೂಲ್ ಮೆಟ್ಟಿಲು ಹತ್ತದವರು ಮಾಡಿರೋದು.”

ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. “ಹೂಂ. ಇರ್ಲಿ” ಎಂದು ತಮ್ಮ ಕೆಲಸಕ್ಕೆ ತಿರುಗಿದರು. ನಾನು ಗೆದ್ದೆ ಅಂದುಕೊಂಡೆ.

ಡಾಕ್ಟರು ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಹಿಂಪರದೆ ನೋಡಿದರು. ಮಾತ್ರೆಯ ಪೆಟ್ಟು ಶುರುವಿನಲ್ಲಿ ಹಾಗೆ ನೋಡಿದರೆ ಕಾಣುವುದಿಲ್ಲ. ಅವರಿಗೂ ಕಾಣಲಿಲ್ಲ. ಪರದೆಯ ಪದರಗಳನ್ನು ಸೀಳಿ ತೋರಿಸುವ ಸ್ಕ್ಯಾನ್ ನಮ್ಮಲ್ಲಿರಲಿಲ್ಲ. ನನ್ನ ಫೀಲ್ಡ್ ರಿಪೋರ್ಟ್ ನಂಬಿ, “ಸದ್ಯಕ್ಕೆ ಸರಿ ಇದೆ. ಕೀಲಿನ ಡಾಕ್ಟರನ್ನ ನೋಡೋಕೆ ಹೇಳು. ಸರ್ಟಿಫಿಕೇಟ್ ಟೈಪ್ ಮಾಡಿಸು” ಎಂದರು.

ಟೈಪಿಗೆ ಕೊಡುವಾಗ ನೋಡಿದರೆ ಎಡಗಣ್ಣಿನ ಕಾಲಂ ಖಾಲಿ. ಬೆಳಿಗ್ಗೆ ಅವಸರದಲ್ಲಿ ಬರೆಯಲು ಮರೆತಿದ್ದೆ. ಅಕ್ಕನನ್ನು ಮತ್ತೆ ಚಾರ್ಟ್ ಮುಂದೆ ಕರೆದು, ಬಲಗಣ್ಣು ಮುಚ್ಚಿಸಿ, ಕಡ್ಡಿ ಹಿಡಿದೆ. ಕೆಳಗಿನ ಸಾಲಿಗೆ ಬರುವಾಗ ಬಾಗಿಲಲ್ಲಿ ಯಾರೋ ನನ್ನನ್ನು ಕೂಗಿದರು. ನಾನು ತಿರುಗಿ ಉತ್ತರ ಕೊಟ್ಟು ಮರಳಿ ನೋಡಿದರೆ, ನನ್ನ ಕಡ್ಡಿ ಇನ್ನೂ ಎರಡನೆಯ ಗುರುತಿನ ಮೇಲಿದೆ, ಅಕ್ಕನ ಬೆರಳು ನಾಲ್ಕನೆಯದನ್ನು ತೋರಿಸುತ್ತಿದೆ. ಬಲಕ್ಕೆ, ಮೇಲಕ್ಕೆ, ಎಡಕ್ಕೆ. ಕಣ್ಣು ಚಾರ್ಟಿನ ಮೇಲೂ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಆಗ ಇನ್ನೊಂದು ಹೊಳೆಯಿತು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಎಲ್ಲರಿಗೂ ಮಂಜು ಮಂಜು. ಆ ಹೊತ್ತಲ್ಲಿ ಚಾರ್ಟ್ ಓದಿಸುವುದೇ ತಪ್ಪು. ನಾನು ಮರೆತು ಓದಿಸಿದ್ದೆ. ಅಕ್ಕ ಮಾತ್ರ ಬೆಳಿಗ್ಗೆಯಷ್ಟೇ ಸಲೀಸಾಗಿ ಕೊನೆಯ ಸಾಲು ಒಪ್ಪಿಸುತ್ತಿದ್ದರು.

ನಾನು ಚಾರ್ಟನ್ನು ಮೊಳೆಯಿಂದ ತೆಗೆದು ತಲೆಕೆಳಗಾಗಿ ನೇತುಹಾಕಿದೆ. ಅಕ್ಕನ ಬೆರಳು ಹಳೆಯ ಲೆಕ್ಕದಂತೆಯೇ ನಾಲ್ಕು ಸಲ ಆಡಿ, ಗಾಳಿಯಲ್ಲೇ ನಿಂತಿತು.

“ಯಾರಕ್ಕ ಕಲಿಸಿದ್ದು?”

“ನಮ್ಮ ಬ್ಯಾಚಲ್ಲಿ ಎಲ್ರಿಗೂ ಬತ್ತದೆ ಮೇಡಂ” ಎಂದರು, ತಲೆ ತಗ್ಗಿಸಿ. “ವರ್ಷಕ್ಕೊಂದ್ ಸತಿ ಗಾರ್ಮೆಂಟ್ಸ್‌ಗೇ ಕಣ್ಣು ನೋಡೋಕೆ ಬತ್ತಾರಲ್ಲ, ಅವ್ರದ್ದೂ ಇದೇ ಹಾಳೆ. ಊಟದ ಟೈಮಲ್ಲಿ ಒಬ್ರಿಗೊಬ್ರು ಏಳ್ಕೊಟ್ಟಿದ್ದು. ಕೋಲಾಟದ ಎಜ್ಜೆ ಕಲ್ತಂಗೆ.”

“ಆ ಬೋಗುಣಿ ಮೆಷಿನಲ್ಲಿ?”

ಉತ್ತರದ ಅಗತ್ಯವೇ ಇರಲಿಲ್ಲ. ಆ ಟಕ್ ಟಕ್ ನನ್ನ ಕಿವಿಯಲ್ಲಿತ್ತು. ಅದು ಬೆಳಕು ಕಂಡವರ ಒತ್ತಲ್ಲ, ಹೊಲಿಗೆ ಮೆಷಿನ್ನಿನ ಓಟ. ಒಂದು ಬಿಟ್ಟರೆ ಹಿಂದೆ ಬಿದ್ದೆ ಎಂದು ದಿನವಿಡೀ ಹೆದರುವವರ ಕೈ.

ಸರ್ಟಿಫಿಕೇಟ್ ಆಗಲೇ ಡಾಕ್ಟರ ಮೇಜಿನ ಮೇಲಿತ್ತು, ಸಹಿಗೆ. ಸುಮ್ಮನಿದ್ದಿದ್ದರೆ ಅಕ್ಕನ ಕೆಲಸ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಕಣ್ಣು ಮಾತ್ರ ಉಳಿಯುತ್ತಿರಲಿಲ್ಲ. ಬಾಗಿಲಲ್ಲಿ ಒಂದು ನಿಮಿಷ ನಿಂತೆ. ಆ ಒಂದು ನಿಮಿಷದ ಬಗ್ಗೆ ನನಗೆ ಈಗಲೂ ಹೆಮ್ಮೆಯಿಲ್ಲ. ಆಮೇಲೆ ಒಳಗೆ ಹೋಗಿ, “ಮೇಡಂ, ನನ್ನ ರಿಪೋರ್ಟ್ ತಪ್ಪು. ಎಚ್ಚರಿಕೆ ಗುರುತು ಇತ್ತು. ನಾನು ನೋಡಿಯೂ ಬಿಟ್ಟೆ” ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಚೆನ್ನಾಗಿ ಮಾಡಿದ್ದಾರೆ ಅಂತ ನೀನೇ ಅಂದೆಯಲ್ಲ.”

“ಹೌದು ಮೇಡಂ.”

ಹಿರಿಯ ಟೆಕ್ನಿಷಿಯನ್ ಅಲ್ಲೇ ಇದ್ದರು. “ನಾನ್ ಹೇಳ್ಲಿಲ್ವಾಮ್ಮ?” ಎಂದರು. ಗೇಲಿ ಮಾಡಲಿಲ್ಲ. ಗೇಲಿ ಮಾಡಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹಿಗ್ಗಿದ ಪಾಪೆಯಲ್ಲಿ ಫೀಲ್ಡ್ ಮಾಡುವಂತಿರಲಿಲ್ಲ. ನಾಡಿದ್ದು ಬನ್ನಿ, ಮತ್ತೆ ಮಾಡೋಣ ಎಂದು ಹೊರಗೆ ಬಂದು ಹೇಳಿದೆ. ಸರ್ಟಿಫಿಕೇಟ್ ಈಗ ಇಲ್ಲ ಎಂದೂ ಹೇಳಿದೆ. ಅಲ್ಲಿಯವರೆಗೆ ಮೆತ್ತಗಿದ್ದ ಅಕ್ಕ ಎದ್ದು ನಿಂತರು.

“ನಿಮಗೇನ್ ಮೇಡಂ. ಸರಿಯಿಲ್ಲ ಅಂತ ಬರ್ದ್ಬುಟ್ಟು ಮನೆಗೆ ಓಯ್ತೀರ. ನಾನ್ ಎಲ್ಲಿಗೆ ಓಗ್ಲಿ?”

“ಬಾರೇ, ಊರಲ್ಲಿ ಇವ್ರೊಬ್ರೇನಾ ಇರೋದು” ಎಂದು ಅತ್ತೆ ಅವರ ತೋಳು ಹಿಡಿದು ಕರೆದುಕೊಂಡು ಹೋದರು. ಬಿಸಿಲಿಗೆ ಹಾಕಿಕೊಳ್ಳಲು ನಾನು ಕೊಟ್ಟ ಕಪ್ಪು ಕಾಗದದ ಕನ್ನಡಕ ಬೆಂಚಿನ ಮೇಲೇ ಉಳಿಯಿತು.

ನಾಡಿದ್ದು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇರೆ ಎಲ್ಲೋ ಅದೇ ಚಾರ್ಟ್ ಒಪ್ಪಿಸಿ ಸರ್ಟಿಫಿಕೇಟ್ ತೆಗೆದುಕೊಂಡಿರುತ್ತಾರೆ ಎಂದು ಹಿರಿಯರು ಅಂದರು. ಶನಿವಾರ ಡಾಕ್ಟರ ಒಪ್ಪಿಗೆ ಕೇಳಿ, ಫೈಲಿನಲ್ಲಿದ್ದ ವಿಳಾಸ ಬರೆದುಕೊಂಡು, ಭಾನುವಾರ ಬೆಳಿಗ್ಗೆ ಬಂಗಾರಪೇಟೆ ಬಸ್ಸು ಹತ್ತಿದೆ. ಚೀಲದಲ್ಲಿ ಒಂದೇ ಒಂದು ಹಾಳೆ. ಚೌಕುಳಿ ಗೆರೆಗಳ ನಡುವೆ ಒಂದು ಕಪ್ಪು ಚುಕ್ಕಿ. ಚುಕ್ಕಿಯನ್ನೇ ನೋಡುತ್ತಾ, ಸುತ್ತಿನ ಗೆರೆಗಳಲ್ಲಿ ಎಲ್ಲಾದರೂ ಕಾಣೆಯಾಗಿದೆಯೇ ಎಂದು ಹೇಳಬೇಕು. ಇದಕ್ಕೆ ಕರೆಂಟ್ ಬೇಡ, ಬಾಯಿಪಾಠವೂ ನಡೆಯದು.

ಅತ್ತೆ ಜಗಲಿಯ ಮೇಲೆ ಮೊರ ಹಿಡಿದು ಸೊಸೈಟಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನಾನೇ ಪಕ್ಕದಲ್ಲಿ ಕೂತೆ.

“ಸೊಸೆ ಇರುವಾಗ ನೀವ್ಯಾಕಮ್ಮ ಆರಿಸ್ತೀರ?”

“ಅವ್ಳು ಆರ್ಸಿದ್ದೇ ಇದು” ಎಂದರು. “ಅವ್ಳು ಆರ್ಸಿದ್ದನ್ನ ನಾನ್ ಇನ್ನೊಂದ್ ಸತಿ ಆರ್ಸ್ಬೇಕು. ಎಲ್ಡ್ ವರ್ಸ ಆಯ್ತು, ಅನ್ನದಾಗೆ ಬರೀ ಕಲ್ಲು. ಮೊನ್ನೆ ನನ್ನ ಮಗ ಕಲ್ಲು ಕಡ್ದು ತಟ್ಟೆ ತಳ್ಳಿ ಎದ್ದೋದ. ಮೊರ ಮುಂದಿಟ್ಕಂಡು ಯಾವ್ ಲೋಕ ನೋಡ್ತಾಳೋ.”

ಅವರು ಗೊಣಗುತ್ತಾ ಮೊರದ ಅಂಚಿಗೆ ಸರಿಸಿದ್ದ ಕಲ್ಲುಗಳನ್ನು ನಾನು ನೋಡಿದೆ. ಸಣ್ಣವಲ್ಲ. ಮೆಣಸಿನ ಕಾಳಿನಷ್ಟಿದ್ದವೂ ಇದ್ದವು.

ಒಳಗಿಂದ ಅಕ್ಕ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಾನು ಸರ್ಟಿಫಿಕೇಟಿನ ಮಾತೆತ್ತಲಿಲ್ಲ. ಹಾಳೆ ತೆಗೆದು ಅವರ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿಸಿ, “ನಡುವಿನ ಚುಕ್ಕಿ ನೋಡಿ ಅಕ್ಕ. ಬೇರೆ ಕಡೆ ನೋಡಬೇಡಿ. ಗೆರೆ ಎಲ್ಲಾ ಐತಾ?” ಎಂದೆ.

ಅವರು ಕತ್ತು ಓರೆ ಮಾಡಲು ಹೋದಾಗ ನಾನು ಗಲ್ಲ ಹಿಡಿದು ನೇರ ಮಾಡಿದೆ.

“ಚುಕ್ಕಿ ಐತೆ” ಎಂದರು. “ಚುಕ್ಕಿ ಪಕ್ಕದಾಗೆ ಗೆರೆ ಇಲ್ಲ. ಆಮ್ಯಾಕೆ ಮತ್ತೆ ಐತೆ.” ನನಗಲ್ಲ, ಹಾಳೆಗೆ ಹೇಳುವಂತೆ ಹೇಳಿದರು. “ಗಾರ್ಮೆಂಟ್ಸಲ್ಲೂ ಇಂಗೇ. ಸೂಜಿ ಕಾಣ್ತದೆ. ಸೂಜಿ ಪಕ್ಕದ ಗೆರೆ ಓಯ್ತದೆ. ಕತ್ತು ಇಂಗೆ ಓರೆ ಮಾಡಿದ್ರೆ ಬತ್ತದೆ, ಆವಾಗ ಸೂಜಿ ಓಯ್ತದೆ.”

ಪುಸ್ತಕದಲ್ಲಿ ನಾನು ಓದಿದ್ದೆ: ಈ ಮಾತ್ರೆಯ ಪೆಟ್ಟು ನಟ್ಟನಡುವನ್ನು ಬಿಟ್ಟು ಅದರ ಸುತ್ತ ಉಂಗುರದಂತೆ ಬೀಳುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಕ್ಕಿತ್ತು. ಅದು ಏನೆಂದು ತಿಳಿದದ್ದು ಆ ಜಗಲಿಯ ಮೇಲೆ.

“ಎಲ್ಡ್ ವರ್ಸದಿಂದ ಇಂಗೈತಾ?” ಎಂದು ಅತ್ತೆ ಕೇಳಿದರು. ಮೊರ ಆಡಿಸುವುದು ನಿಂತಿತ್ತು. “ಬಾಯಲ್ಲಿ ಏನಿತ್ತೇ ನಿಂಗೆ? ಏಳಕ್ಕೆ ಆಗ್ತಿರ್ಲಿಲ್ವಾ?”

“ಏಳಿದ್ರೆ ಕೆಲ್ಸ ಓಯ್ತದೆ ಅತ್ತೆ. ಕೈ ಇಂಗಿದ್ರೂ ಇಟ್ಕಂಡವ್ರೆ. ಕಣ್ಣೂ ಇಲ್ಲ ಅಂದ್ರೆ ಯಾರ್ ಇಟ್ಕಂತಾರೆ?”

ನಾನು ಮಾತ್ರೆಯ ವಿಷಯ ಬಿಡಿಸಿ ಹೇಳಿದೆ. ಕೈಯನ್ನು ಉಳಿಸಿದ ಮಾತ್ರೆಯೇ ಕಣ್ಣನ್ನು ತಿನ್ನುತ್ತಿರಬಹುದು ಎಂದೆ. ಚೀಟಿಯಲ್ಲಿದ್ದಂತೆ ಆಗ ಅಕ್ಕನ ತೂಕ ಅರವತ್ತು ಕಿಲೋ. ನಮ್ಮ ಆಸ್ಪತ್ರೆಯ ತಕ್ಕಡಿಯಲ್ಲಿ ನಲವತ್ತೆರಡು. ದಿನಕ್ಕೆ, ಮೈತೂಕದ ಕಿಲೋಗೆ ಐದು ಮಿಲಿಗ್ರಾಂ ದಾಟಬಾರದ ಮಾತ್ರೆಯನ್ನು ಅವರು ಹೆಚ್ಚುಕಡಿಮೆ ಎರಡರಷ್ಟು ನುಂಗುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಒಳಗೆ ಹೋಗಿ, ದೇವರ ಗೂಡಿನಲ್ಲಿದ್ದ ಮಾತ್ರೆಪಟ್ಟಿ ತಂದು ತಿಪ್ಪೆಗೆ ಎಸೆಯಲು ಹೊರಟರು. ಅಡ್ಡ ನಿಂತು ತಡೆದೆ. ಒಮ್ಮೆಲೇ ಬಿಟ್ಟರೆ ಕೀಲು ಕೆರಳಿ ಹಾಸಿಗೆ ಹಿಡಿಯಬಹುದು, ಕೀಲಿನ ಡಾಕ್ಟರು ಹೇಳಿದ ಮೇಲೇ ಬಿಡಬೇಕು ಎಂದೆ.

“ನಾನೂ ಮಂಡಿ ನೋವಿಗೆ ಆವಾಗಾವಾಗ ಇದ್ರಾಗೇ ಒಂದ್ ನುಂಗ್ತೀನಿ” ಎಂದರು ಅತ್ತೆ, ಪಟ್ಟಿಯನ್ನು ನೋಡುತ್ತಾ. “ನನ್ನ ಕಣ್ಣೂ ಓಯ್ತಾ?”

“ನಿಮ್ಮದು ಹೋಗಿಲ್ಲಮ್ಮ. ಮೊರ ನೋಡಿದರೆ ಗೊತ್ತಾಗ್ತದೆ. ಆದರೆ ಇನ್ಮೇಲೆ ನುಂಗಬೇಡಿ.”

ಅಕ್ಕನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು. “ನಾಳೆ ಬತ್ತೀನಿ” ಎಂದರು. “ಆದ್ರೆ ಆ ಮೆಷಿನಲ್ಲಿ ನನ್ ಕೈಲಿ ಆಗಲ್ಲ ಮೇಡಂ. ಕೈ ತಾನಾಗೇ ಒತ್ತುತದೆ.”

ಅಲ್ಲೇ ಇತ್ತು ಉತ್ತರ, ನಮ್ಮಿಬ್ಬರ ನಡುವೆ. ನಾನು ಮೊರವನ್ನು ಅವರ ಮುಂದಕ್ಕೆ ಸರಿಸಿದೆ. “ಅಕ್ಕ, ಕಲ್ಲು ಆರಿಸುವಾಗ ಮೊರ ಆಡಿದಾಗೆಲ್ಲ ಕೈ ಹಾಕ್ತೀರಾ?”

“ಇಲ್ಲ. ಕಲ್ಲು ಕಂಡ್ರೆ ಹಾಕ್ತೀನಿ.”

“ಕಲ್ಲು ಇಲ್ಲದಿದ್ದರೆ?”

“ಸುಮ್ಕೆ ನೋಡ್ತಾ ಇರ್ತೀನಿ.”

“ಅಷ್ಟೇ ಆ ಮೆಷಿನ್ನು. ಅದು ಗಾರ್ಮೆಂಟ್ಸ್ ಅಲ್ಲ, ಮೊರ. ಅದರಲ್ಲಿ ಬರುವ ಬೆಳಕಲ್ಲಿ ಅರ್ಧದಷ್ಟು ನನಗೂ ಕಾಣಲ್ಲ, ಡಾಕ್ಟರಿಗೂ ಕಾಣಲ್ಲ. ಕಾಣದಷ್ಟು ಮಂಕು ಮಾಡೇ ತೋರಿಸ್ತದೆ. ಸುಮ್ಮನಿದ್ದರೆ ಫೇಲ್ ಅಲ್ಲ. ಸುಮ್ಮನಿರೋದೂ ಒಂದು ಉತ್ತರ.”

ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು. ಬೆಳಕು ಕಂಡರೆ ಒತ್ತಿ ಎಂದಷ್ಟೇ ಹೇಳಿದ್ದೆ. ಕಾಣದಿದ್ದರೆ ಏನಾಗುತ್ತದೆ ಎಂಬ ಭಯಕ್ಕೆ ಏನೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಪಾಳಿಯೇ ಅಕ್ಕನದು. ಕಣ್ಣಿಗೆ ತೇವದ ಹನಿ ಹಾಕಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿಸಿದೆ. ಒಣಕಣ್ಣಲ್ಲಿ ಮಾಡಿದ ಟೆಸ್ಟನ್ನು ನಂಬುವ ಹಾಗಿಲ್ಲ. ಹೆಬ್ಬೆರಳಿಗೆ ಗುಂಡಿ ಕೊಡಲಿಲ್ಲ. ಮಡಿಚಿದ ಟವೆಲ್ಲಿನ ಮೇಲೆ ಗುಂಡಿಯಿಟ್ಟು, ಅಂಗೈ ಬುಡದಿಂದ ಒತ್ತುವಂತೆ ಮಾಡಿದೆ. ಮೊದಲು ಒಂದು ನಿಮಿಷದ ಅಭ್ಯಾಸ. ಶುರುವಾದದ್ದೇ ಟಕ್, ಟಕ್, ಟಕ್. ನಾನು ಮೆಷಿನ್ ನಿಲ್ಲಿಸಿದೆ.

“ಅಕ್ಕ, ಮೊರ.”

“ಊಂ.”

ಎರಡನೆಯ ಸಲವೂ ಹಾಗೇ ಆಯಿತು. ಮತ್ತೆ ನಿಲ್ಲಿಸಿದೆ. ಮೂರನೆಯ ಸಲ ಒಂದು ಟಕ್ ಕೇಳಿತು. ಆಮೇಲೆ ಏನೂ ಇಲ್ಲ. ಮೆಷಿನ್ನಿನೊಳಗಿನ ಸಣ್ಣ ಗರಗರ ಮಾತ್ರ. ಮತ್ತೆ ಒಂದು ಟಕ್. ನಡುವೆ ದೊಡ್ಡ ದೊಡ್ಡ ಮೌನ. ನನ್ನ ಮುಂದಿನ ಪರದೆಯ ಮೇಲೆ ಅಕ್ಕನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು, ಅಲುಗದೆ ಚುಕ್ಕಿಯನ್ನೇ ನೋಡುತ್ತಿತ್ತು. ದಣಿದಾಗ ನಿಲ್ಲಿಸಿದೆ, ಹನಿ ಹಾಕಿದೆ, ಮತ್ತೆ ನಡೆಸಿದೆ. ಎರಡು ಕಣ್ಣಿಗೆ ಒಂದು ಗಂಟೆ ಹಿಡಿಯಿತು.

ಹಾಳೆ ಹೊರಬಂತು. ಸುಳ್ಳು ಒತ್ತು ಒಂದೂ ಇಲ್ಲ. ನೋಟ ಸರಿದದ್ದೂ ಇಲ್ಲ. ನಾನು ಕಾಲೇಜಿನಲ್ಲಿ ಕಂಡ ಎಷ್ಟೋ ಹಾಳೆಗಳಿಗಿಂತ ನಂಬಬಹುದಾದ ಹಾಳೆ. ಅದರ ನಡುವೆ, ಎರಡು ಕಣ್ಣಲ್ಲೂ, ಚುಕ್ಕಿಯನ್ನು ಬಿಟ್ಟು ಸುತ್ತ ಕಪ್ಪು ಚೌಕಗಳ ಉಂಗುರ. ಒಂದು ಕಡೆ ಮಾತ್ರ ಇನ್ನೂ ಕೂಡಿಕೊಂಡಿರಲಿಲ್ಲ.

ಹಿರಿಯರ ಮಾತು ಸುಳ್ಳಾಗಿತ್ತು. ಅದಕ್ಕಾಗಿ ನಾನು ಎಷ್ಟು ದಿನ ಕಾದಿದ್ದೆ. ಆ ಹಾಳೆ ಹಿಡಿದು ಅವರ ಬಳಿ ಓಡಲು ಮಾತ್ರ ಕಾಲು ಬರಲಿಲ್ಲ. ಅವರೇ ಬಂದು ನನ್ನ ಕೈಯಿಂದ ತೆಗೆದುಕೊಂಡರು. ಮೊದಲು ನೋಡಿದ್ದು ಮೂಲೆಯ ಲೆಕ್ಕವನ್ನು. ಆಮೇಲೆ ಉಂಗುರವನ್ನು.

“ಹೆಂಗೆ ಮಾಡಿಸಿದೆಮ್ಮ?” ಎಂದು ಕೇಳಿದರು. ಮೊರದ ಮಾತು ಹೇಳಿದೆ. ತಲೆಯಾಡಿಸಿ, ಹಾಳೆಯನ್ನು ತಾವೇ ಡಾಕ್ಟರ ಮೇಜಿಗೆ ಒಯ್ದರು.

ಡಾಕ್ಟರು ಅಕ್ಕನನ್ನು ಸ್ಕ್ಯಾನಿಗೆ ಕೋಲಾರದ ಆಸ್ಪತ್ರೆಗೆ ಕಳಿಸಿದರು, ಜೊತೆಗೆ ಕೀಲಿನ ಡಾಕ್ಟರಿಗೆ ಎರಡು ಪುಟದ ಪತ್ರ. ಸ್ಕ್ಯಾನಿನಲ್ಲಿ ಹಿಂಪರದೆಯ ಒಂದು ಪದರ ಅದೇ ಉಂಗುರದ ಜಾಗದಲ್ಲಿ ಸವೆದಿತ್ತು. ಕೀಲಿನ ಡಾಕ್ಟರು ಆ ಮಾತ್ರೆ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ, ಬೇರೆ ಔಷಧಿ ಶುರುಮಾಡಿದರು. ನಮ್ಮ ಡಾಕ್ಟರು ಅಕ್ಕನನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ಹೋದ ನೋಟ ಬರುವುದಿಲ್ಲ. ಮಾತ್ರೆ ನಿಂತ ಮೇಲೂ ಕೆಲ ಕಾಲ ಇನ್ನೂ ಸ್ವಲ್ಪ ಹೋಗಬಹುದು. ನಡುವಿನದು ಉಳಿಯುತ್ತದೆ ಎಂಬ ಭರವಸೆ ಇದೆ, ಯಾಕೆಂದರೆ ಈಗ ಬಂದಿರಿ. ಅಕ್ಕ ಅಳಲಿಲ್ಲ. ಅಳಲು ಅವರ ಕಣ್ಣಲ್ಲಿ ನೀರೂ ಇರಲಿಲ್ಲ. “ಮುದ್ದೆ ತಿರುವೋದು ಕಾಣ್ತದಲ್ಲ ಮೇಡಂ?” ಎಂದು ಕೇಳಿದರು. ಕಾಣ್ತದೆ ಎಂದರು ಡಾಕ್ಟರು.

ಗಾರ್ಮೆಂಟ್ಸ್‌ಗೆ ಡಾಕ್ಟರೇ ಫೋನ್ ಮಾಡಿದರು. ಸೂಜಿ ಬಿಡಿಸಿ ಬೇರೆ ಕಡೆ ಹಾಕುವ ರೂಢಿ ತಮ್ಮಲ್ಲಿಲ್ಲ ಎಂದು ಅಲ್ಲಿನವರು ಅಂದರಂತೆ. ಡಾಕ್ಟರು ಮರುದಿನ ಮತ್ತೆ ಮಾಡಿದರು. ಕಾಗದದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ ಪ್ಯಾಕಿಂಗ್‌ನಲ್ಲಿ ಜಾಗ ಕೊಡುತ್ತೇವೆ ಎಂಬ ಮಾತು ಬಂತು.

ಆ ವಾರವೇ ಇರಬೇಕು, ಕತ್ತಲೆ ಕೋಣೆಯ ಮುಂದೆ ಹಾದುಹೋಗುವಾಗ ಹಿರಿಯ ಟೆಕ್ನಿಷಿಯನ್ ಒಳಗೆ ಯಾರಿಗೋ ಹೇಳುತ್ತಿದ್ದುದು ಕೇಳಿತು. “ಅವಸರ ಬೇಡ ತಾತ. ಅಕ್ಕಿ ಆರ್ಸೋದು ನೋಡಿದೀರಲ್ಲ? ಕಲ್ಲು ಕಂಡ್ರೆ ಮಾತ್ರ ಕೈ ಹಾಕಿ.” ನಾನು ನಿಲ್ಲದೆ ಮುಂದೆ ನಡೆದೆ.

ಸರ್ಟಿಫಿಕೇಟ್ ಸಿದ್ಧವಾದ ದಿನ ಅತ್ತೆ ಸೊಸೆ ಇಬ್ಬರೂ ಬಂದರು. ಡಾಕ್ಟರ ಸಹಿಯ ಕೆಳಗೆ, ಪರೀಕ್ಷೆ ಮಾಡಿದವರು ಎಂಬಲ್ಲಿ ನನ್ನ ಸಹಿಯೂ ಇತ್ತು. “ನೀನೇ ಕೊಡು” ಎಂದರು ಡಾಕ್ಟರು. ನಾನು ಅಕ್ಕನ ಕಡೆ ಚಾಚಿದೆ. ಕೈ ಮುಂದೆ ಬಂದದ್ದು ಅತ್ತೆಯದು.

“ಏನ್ ಬರ್ದವ್ರೆ, ಓದು” ಎಂದರು.

ಓದಿದೆ. ಸೂಜಿಯಂಥ ಸಣ್ಣ ಗುರಿಯ ಕೆಲಸಕ್ಕೆ ಈ ದೃಷ್ಟಿ ಸಾಲದು. ಉಳಿದ ಕೆಲಸಗಳಿಗೆ ಅಡ್ಡಿಯಿಲ್ಲ. ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ಆಗಲೇಬೇಕು.

ಅತ್ತೆ ಕಾಗದವನ್ನು ಬೆಳಕಿಗೆ ಹಿಡಿದು, ಓದು ಬರದ ಕಣ್ಣಲ್ಲೇ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎರಡು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟು ದಾರ ಬಿಗಿದರು. ಬಾಗಿಲವರೆಗೆ ಹೋದವರು ನಿಂತು, ಸೊಸೆಯ ಕಡೆ ತಿರುಗದೆ ನನಗೆ ಹೇಳಿದರು.

“ಇನ್ಮ್ಯಾಕೆ ಕಲ್ಲು ನಾನ್ ಆರ್ಸ್ತೀನಿ. ಅನ್ನ ಅವ್ಳು ಮಾಡ್ಲಿ.”